ತಿಂಗಳು ತುಂಬದ ಮಗು ಮತ್ತು ಎದೆಹಾಲಿನ ಕೊಬ್ಬು

ತಿಂಗಳು ತುಂಬುವ ಮೊದಲೇ ಹೆರಿಗೆಯಾದ ಮನೆಗಳಿಂದ ನನಗೆ ಹೆಚ್ಚಾಗಿ ಬರುವ ಪ್ರಶ್ನೆ ಒಂದೇ: “ಡಾಕ್ಟ್ರೇ, ಹಾಲು ನೀರು ನೀರಾಗಿದೆ. ಇದರಿಂದ ಮಗುವಿನ ತೂಕ ಏರೀತೇ?” ಕೇಳುವವರು ಹೆಚ್ಚಾಗಿ ತಾಯಿಯಲ್ಲ. ಅತ್ತೆ, ಅಜ್ಜಿ, ಅಕ್ಕ, ಕೆಲವೊಮ್ಮೆ ಮಗುವಿನ ತಂದೆ. ಕೇಳುವುದರಲ್ಲಿ ಪ್ರೀತಿಯೇ ಇದೆ. ಆದರೆ ಈ ಮಾತು ತಾಯಿಯ ಕಿವಿಗೆ ಬಿದ್ದ ದಿನದಿಂದ ಅವಳಿಗೆ ತನ್ನ ಹಾಲಿನ ಮೇಲಿನ ನಂಬಿಕೆ ಕುಂದುತ್ತದೆ. ಹಿಂಡುವುದು ಕಡಿಮೆಯಾಗುತ್ತದೆ, ಡಬ್ಬಿ ಹಾಲು ಬರುತ್ತದೆ, ಕೆಲವೇ ವಾರಗಳಲ್ಲಿ ಎದೆ ನಿಜವಾಗಿಯೂ ಬತ್ತುತ್ತದೆ.

ಆದ್ದರಿಂದ ಈ ತಿಂಗಳು ಎದೆಹಾಲಿನ ಕೊಬ್ಬಿನ ಬಗ್ಗೆಯೇ ಬರೆಯುತ್ತಿದ್ದೇನೆ. ಹೇಳಬೇಕಾದ ಮಾತು ಇಷ್ಟೇ: ತೆಳ್ಳಗೆ ಕಾಣುವ ಹಾಲು ಕೆಟ್ಟ ಹಾಲಲ್ಲ. ಮಗುವಿಗೆ ಬೇಕಾದ ಕೊಬ್ಬು ಆ ತಾಯಿಯ ಎದೆಯಲ್ಲೇ ಇದೆ. ಅದು ಪೂರ್ತಿ ಹೊರಬರುವಂತೆ, ದಾರಿಯಲ್ಲಿ ಪೋಲಾಗದೆ ಮಗುವಿನ ಹೊಟ್ಟೆ ಸೇರುವಂತೆ ನೋಡಿಕೊಳ್ಳುವುದು ಮನೆಯವರ ಕೈಯಲ್ಲೂ ಇದೆ.

ಗರ್ಭದಲ್ಲಿ ಸಿಗಬೇಕಿದ್ದ ಕೊಬ್ಬು

37 ವಾರ ತುಂಬುವ ಮೊದಲು ಹುಟ್ಟಿದ ಮಗುವನ್ನು ಅವಧಿಪೂರ್ವ ಶಿಶು ಎನ್ನುತ್ತೇವೆ. 2020ರಲ್ಲಿ ಜಗತ್ತಿನಲ್ಲಿ ಹೀಗೆ ಹುಟ್ಟಿದ ಮಕ್ಕಳು ಸುಮಾರು 1 ಕೋಟಿ 34 ಲಕ್ಷ. ಅವರಲ್ಲಿ ಸುಮಾರು 30 ಲಕ್ಷ ಮಕ್ಕಳು ಹುಟ್ಟಿದ್ದು ನಮ್ಮ ದೇಶದಲ್ಲಿ. ನಿಮ್ಮ ಕುಟುಂಬದಲ್ಲೋ ನೆರೆಮನೆಯಲ್ಲೋ ಇಂತಹ ಒಂದು ಮಗು ಇದ್ದೇ ಇರುತ್ತದೆ.

ಗರ್ಭದ ಕೊನೆಯ ಮೂರು ತಿಂಗಳು ಮಗು ಕೊಬ್ಬನ್ನು ಕೂಡಿಡುವ ಕಾಲ. 28 ವಾರದ ಮಗುವಿನ ಮೈಯಲ್ಲಿ ಕೊಬ್ಬಿನ ಪಾಲು ತೀರಾ ಕಡಿಮೆ. ಆದ್ದರಿಂದಲೇ ಅದರ ಚರ್ಮ ತೆಳು, ಮೂಳೆಗಳು ಎದ್ದು ಕಾಣುತ್ತವೆ, ಮೈ ಬೇಗ ತಣ್ಣಗಾಗುತ್ತದೆ. ದಿನ ತುಂಬುವ ಹೊತ್ತಿಗೆ ಆ ಪಾಲು ಹಲವು ಪಟ್ಟು ಏರಿರುತ್ತದೆ. ಮಿದುಳು ಅತಿ ವೇಗವಾಗಿ ಬೆಳೆಯುವುದೂ ಇದೇ ಅವಧಿಯಲ್ಲಿ. ಮಿದುಳಿನಿಂದ ನೀರಿನ ಅಂಶವನ್ನು ತೆಗೆದರೆ ಉಳಿಯುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕೊಬ್ಬೇ. ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬಿನಾಮ್ಲ ಮಿದುಳಿಗೂ ಕಣ್ಣಿನ ಅಕ್ಷಿಪಟಲಕ್ಕೂ ಬೇಕು. ಅದು ತಾಯಿಯಿಂದ ಮಗುವಿಗೆ ಹೆಚ್ಚಾಗಿ ಹರಿಯುವುದು ಕೊನೆಯ ಈ ವಾರಗಳಲ್ಲೇ.

ಏಳು ತಿಂಗಳಿಗೇ ಹುಟ್ಟಿದ ಮಗುವಿಗೆ ಈ ದಾರಿ ಅರ್ಧಕ್ಕೇ ನಿಂತಿತು. ಹೊಕ್ಕುಳಬಳ್ಳಿಯಿಂದ ಸಿಗಬೇಕಿದ್ದುದು ಇನ್ನು ಬಾಯಿಯಿಂದಲೋ ಮೂಗಿನ ನಳಿಕೆಯಿಂದಲೋ ಸಿಗಬೇಕು.

ಎದೆಹಾಲಿನ ಕೊಬ್ಬಿನ ವಿಶೇಷ

ಹೆರಿಗೆಯಾದ ಮೊದಲ ದಿನಗಳ ಹಳದಿ ಹಾಲಿನಲ್ಲಿ, ಅಂದರೆ ಗಿಣ್ಣು ಹಾಲಿನಲ್ಲಿ, ಕೊಬ್ಬು ಕಡಿಮೆ: 100 ಮಿಲಿಲೀಟರಿಗೆ ಸುಮಾರು 2 ಗ್ರಾಂ. ಅದರ ಮುಖ್ಯ ಕೆಲಸ ಸೋಂಕಿನಿಂದ ಕಾಪಾಡುವುದು. ಮುಂದಿನ ಎರಡು ವಾರಗಳಲ್ಲಿ ಕೊಬ್ಬು ಏರುತ್ತಾ ಹೋಗಿ 3.5ರಿಂದ 4.5 ಗ್ರಾಂ ಆಸುಪಾಸಿಗೆ ಬರುತ್ತದೆ. ತಿಂಗಳು ತುಂಬದೆ ಹೆತ್ತ ತಾಯಿಯ ಹಾಲಿನಲ್ಲಿ ಮೊದಲ ವಾರಗಳಲ್ಲಿ ಪ್ರೋಟೀನ್ ಕೂಡ ಹೆಚ್ಚಿರುತ್ತದೆ. ಪುಟ್ಟ ಮಗುವಿಗೆ ಅದರ ಅಗತ್ಯ ಹೆಚ್ಚು.

ಹಾಲು ಕೊಡುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಕೊಬ್ಬಿನಿಂದಲೇ ಬರುತ್ತದೆ. ಒಂದು ಗ್ರಾಂ ಸಕ್ಕರೆ ಅಂಶ ಅಥವಾ ಪ್ರೋಟೀನ್ 4 ಕ್ಯಾಲೊರಿ ಕೊಟ್ಟರೆ, ಒಂದು ಗ್ರಾಂ ಕೊಬ್ಬು 9 ಕ್ಯಾಲೊರಿ ಕೊಡುತ್ತದೆ. ಹೊಟ್ಟೆ ಚಿಕ್ಕದು, ಹಸಿವು ದೊಡ್ಡದು ಎಂಬ ಮಗುವಿಗೆ ಇದಕ್ಕಿಂತ ಒಳ್ಳೆಯ ಇಂಧನವಿಲ್ಲ.

ಆದರೆ ಕೊಬ್ಬನ್ನು ಕೊಟ್ಟರೆ ಸಾಲದು, ಅದು ಜೀರ್ಣವಾಗಬೇಕು. ತಿಂಗಳು ತುಂಬದ ಮಗುವಿನಲ್ಲಿ ಕೊಬ್ಬನ್ನು ಒಡೆಯುವ ಲೈಪೇಸ್ ಎಂಬ ಕಿಣ್ವ ಮೇದೋಜೀರಕ ಗ್ರಂಥಿಯಿಂದ ಸಾಕಷ್ಟು ಬರುವುದಿಲ್ಲ. ಪಿತ್ತದ ಲವಣಗಳೂ ಕಡಿಮೆ. ಈ ಕೊರತೆಯನ್ನು ತುಂಬುವ ವ್ಯವಸ್ಥೆ ಎದೆಹಾಲಿನಲ್ಲೇ ಇದೆ. ತಾಯಿಯ ಹಾಲು ತನ್ನ ಕೊಬ್ಬನ್ನು ಒಡೆಯುವ ಲೈಪೇಸನ್ನೂ ಜೊತೆಗೇ ತರುತ್ತದೆ. ಮಗುವಿನ ಕರುಳಿನಲ್ಲಿ ಇರುವ ಅಷ್ಟಿಷ್ಟು ಪಿತ್ತ ತಾಗಿದೊಡನೆ ಅದು ಕೆಲಸ ಶುರುಮಾಡುತ್ತದೆ. ಡಬ್ಬಿ ಹಾಲಿನಲ್ಲಿ ಕೊಬ್ಬು ಇದೆ, ಈ ಕಿಣ್ವ ಇಲ್ಲ. ಅಲ್ಲದೆ, ತಿಂಗಳು ತುಂಬದ ಮಕ್ಕಳ ಕರುಳನ್ನು ಕೊಳೆಯಿಸುವ ಎನ್‌ಇಸಿ ಎಂಬ ಮಾರಕ ಕಾಯಿಲೆಯ ಅಪಾಯ ಎದೆಹಾಲು ಕುಡಿದವರಿಗಿಂತ ಡಬ್ಬಿ ಹಾಲು ಕುಡಿದವರಲ್ಲಿ ಹೆಚ್ಚು.

ಈ ಕಿಣ್ವ ಬಿಸಿಗೆ ನಾಶವಾಗುತ್ತದೆ. ಆದ್ದರಿಂದ ಹಿಂಡಿದ ಎದೆಹಾಲನ್ನು ಹಸುವಿನ ಹಾಲಿನಂತೆ ಕುದಿಸಬಾರದು, ಮೈಕ್ರೋವೇವ್‌ನಲ್ಲಿ ಇಡಬಾರದು.

ತೆಳು ಹಾಲು, ದಪ್ಪ ಹಾಲು

ಹಾಲಿನ ಸಾಂದ್ರತೆಯನ್ನು ಪರೀಕ್ಷಿಸುವ ಆಸೆ ಹೊಸದಲ್ಲ. ನಾವು ಕಲಿತ ಯೂನಾನಿ ಪರಂಪರೆಯಲ್ಲಿ ಉಗುರಿನ ಪರೀಕ್ಷೆ ಪ್ರಸಿದ್ಧ. ಗ್ರೀಕ್ ವೈದ್ಯ ಸೊರೇನಸ್ ಹೇಳಿದ್ದ ಈ ವಿಧಾನ 1037ರಲ್ಲಿ ನಿಧನರಾದ ಇಬ್ನ್ ಸೀನಾ ಅವರ ‘ಅಲ್ ಕಾನೂನ್ ಫಿತ್ತಿಬ್ಬ್’ ಗ್ರಂಥದಲ್ಲೂ ಇದೆ. ಉಗುರಿನ ಮೇಲೆ ಒಂದು ಹನಿ ಹಾಲು ಬಿಟ್ಟು ಬೆರಳನ್ನು ಓರೆ ಮಾಡುವುದು. ಹರಿದುಹೋದರೆ ತೆಳು, ನಿಂತರೆ ದಪ್ಪ. ಹಾಲು ಎಲ್ಲ ಸಮಯದಲ್ಲೂ ಒಂದೇ ತೆರನಾಗಿರುವುದಿಲ್ಲ ಎಂಬುದನ್ನು ಆ ಹಿರಿಯರು ಸರಿಯಾಗಿಯೇ ಗಮನಿಸಿದ್ದರು. ಮಗುವಿಗೆ ಹೆತ್ತ ತಾಯಿಯ ಹಾಲೇ ಎಲ್ಲಕ್ಕಿಂತ ಮೇಲು ಎಂದೂ ಇಬ್ನ್ ಸೀನಾ ಹೇಳಿದ್ದಾರೆ. ಆದರೆ ಒಂದು ಹನಿಯಿಂದ ಇಡೀ ಹಾಲಿಗೆ ತೀರ್ಪು ಕೊಡಲಾಗದು. ಏಕೆಂದರೆ ಒಂದೇ ಎದೆಯಿಂದ ಒಂದೇ ಹೊತ್ತಿನಲ್ಲಿ ಬರುವ ಹಾಲಿನಲ್ಲೂ ಮೊದಲ ಹನಿ ಬೇರೆ, ಕೊನೆಯ ಹನಿ ಬೇರೆ.

ಎದೆ ತುಂಬಿದ್ದಾಗ ಮೊದಲು ಬರುವ ಹಾಲು ತೆಳು, ತುಸು ನೀಲಿ ಛಾಯೆಯದು. ಎದೆ ಖಾಲಿಯಾಗುತ್ತಾ ಬಂದಂತೆ ಕೊಬ್ಬಿನ ಕಣಗಳು ಹೆಚ್ಚಾಗಿ ಇಳಿಯುತ್ತವೆ. ಕೊನೆಯಲ್ಲಿ ಬರುವ ಹಾಲಿನ ಕೊಬ್ಬು ಮೊದಲಿನದಕ್ಕಿಂತ ಎರಡು ಮೂರು ಪಟ್ಟು ಇರಬಹುದು. ದಿನದ ಬೇರೆ ಬೇರೆ ಹೊತ್ತಿನಲ್ಲೂ ಈ ಪ್ರಮಾಣ ಬದಲಾಗುತ್ತದೆ. ಎದೆಹಾಲಿನ ಪ್ರೋಟೀನ್, ಸಕ್ಕರೆ, ಕೊಬ್ಬು ಈ ಮೂರರಲ್ಲಿ ಅತಿ ಹೆಚ್ಚು ಏರಿಳಿಯುವುದು ಕೊಬ್ಬು.

ಇಂದು ಇದನ್ನು ಅಳೆಯುವ ಸುಲಭ ವಿಧಾನವಿದೆ. ಸಪೂರ ಗಾಜಿನ ಕೊಳವೆಯಲ್ಲಿ ಹಾಲು ತುಂಬಿ, ರಕ್ತ ಪರೀಕ್ಷೆಯ ಯಂತ್ರದಲ್ಲಿ ವೇಗವಾಗಿ ತಿರುಗಿಸಿದರೆ ಕೆನೆ ಒಂದು ಪದರವಾಗಿ ನಿಲ್ಲುತ್ತದೆ. ಅದರ ಎತ್ತರದಿಂದ ಕೊಬ್ಬನ್ನೂ ಕ್ಯಾಲೊರಿಯನ್ನೂ ಅಂದಾಜು ಮಾಡುತ್ತಾರೆ. ಕ್ರೀಮಟೊಕ್ರಿಟ್ ಎಂಬ ಈ ವಿಧಾನವನ್ನು ಇಂಗ್ಲೆಂಡಿನಲ್ಲಿ ಅಲನ್ ಲ್ಯೂಕಾಸ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದರು. ಮನೆಯಲ್ಲಿ ಇಂತಹ ಪರೀಕ್ಷೆ ಬೇಕಿಲ್ಲ. ಎದೆ ಪೂರ್ತಿ ಖಾಲಿಯಾಗುವವರೆಗೆ ಹಿಂಡಿದರೆ ಸಾಕು.

ಒಂದು ಲೆಕ್ಕ

ಒಂದು ಕಿಲೋ ತೂಕದ ಮಗು ದಿನಕ್ಕೆ 150 ಮಿಲಿಲೀಟರ್ ಹಾಲು ಕುಡಿಯುತ್ತಿದೆ ಎನ್ನೋಣ. ಆ ಹಾಲಿನಲ್ಲಿ 100 ಮಿಲಿಲೀಟರಿಗೆ 4 ಗ್ರಾಂ ಕೊಬ್ಬಿದ್ದರೆ ದಿನಕ್ಕೆ 6 ಗ್ರಾಂ ಕೊಬ್ಬು ಸಿಕ್ಕಿತು. ಒಟ್ಟು ಶಕ್ತಿ ಸುಮಾರು 100 ಕ್ಯಾಲೊರಿ. ಅದೇ ಮಗುವಿಗೆ ಮೊದಲ ತೆಳು ಹಾಲನ್ನಷ್ಟೇ ಕೊಟ್ಟು, ಕೊಬ್ಬು 2 ಗ್ರಾಂಗೆ ಇಳಿದರೆ? 27 ಕ್ಯಾಲೊರಿ ಹೋಯಿತು. ಅಂದರೆ ಊಟದ ಕಾಲು ಭಾಗಕ್ಕಿಂತ ಹೆಚ್ಚು. ಅಳತೆ ಲೋಟದಲ್ಲಿ 150 ಎಂದೇ ತೋರಿಸುತ್ತದೆ, ಆದರೆ ತೂಕ ಏರುವುದಿಲ್ಲ. “ಹಾಲು ಹಿಡಿಸಲಿಲ್ಲ” ಎಂದು ಮನೆಯವರು ಹೇಳುವ ಎಷ್ಟೋ ಸಂದರ್ಭಗಳಲ್ಲಿ ನಡೆದಿರುವುದು ಇದೇ ಇರಬಹುದು.

ಪೂರ್ತಿ ಹಿಂಡುವುದು ಹೇಗೆ?

ಹೆರಿಗೆಯಾದ ಮೊದಲ ಕೆಲವು ಗಂಟೆಗಳಲ್ಲೇ ಹಿಂಡಲು ಶುರುಮಾಡಬೇಕು. ಮಗು ಬೇರೆ ವಾರ್ಡಿನಲ್ಲಿದೆ, ಇನ್ನೂ ಹಾಲು ಕೇಳಿಲ್ಲ ಎಂದು ಕಾಯಬಾರದು. ದಿನಕ್ಕೆ ಕನಿಷ್ಠ 8 ಸಲ ಹಿಂಡಬೇಕು, ಅದರಲ್ಲಿ ಒಂದಾದರೂ ರಾತ್ರಿ ಹೊತ್ತಿನಲ್ಲಿರಲಿ. ಮೊದಲ ದಿನ ಬರುವುದು ಕೆಲವೇ ಹನಿ ಇರಬಹುದು. ಆ ಹನಿಗಳನ್ನೂ ಸಿರಿಂಜಿನಲ್ಲಿ ಹೀರಿ ನರ್ಸ್ ಕೈಗೆ ಕೊಡಿ. ಮಗುವಿನ ಬಾಯಿಗೆ ಸವರುವುದಕ್ಕೂ ಅದು ಬೇಕು.

ಹಿಂಡುವ ಮೊದಲು ಕೈ ತೊಳೆದು, ಎದೆಯನ್ನು ಬೆರಳುಗಳಿಂದ ಮೃದುವಾಗಿ ಉಜ್ಜಿ. ಪಂಪ್ ಇದ್ದರೆ ಅದು ಎಳೆಯುತ್ತಿರುವಾಗಲೂ ಒಂದು ಕೈಯಿಂದ ಎದೆಯ ಗಟ್ಟಿ ಜಾಗಗಳನ್ನು ಒತ್ತುತ್ತಿರಿ. ಕೊನೆಗೆ ಪಂಪ್ ತೆಗೆದು ಕೈಯಿಂದಲೇ ಉಳಿದುದನ್ನು ಹಿಂಡಿ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ವೈದ್ಯೆ ಜೇನ್ ಮಾರ್ಟನ್ ಮತ್ತು ಸಂಗಡಿಗರು ತಿಂಗಳು ತುಂಬದ ಮಕ್ಕಳ ತಾಯಂದಿರಲ್ಲಿ ಇದನ್ನು ನೋಡಿದರು. ಪಂಪಿನ ಜೊತೆಗೆ ಕೈಯನ್ನೂ ಬಳಸಿದವರಲ್ಲಿ ಹಾಲಿನ ಪ್ರಮಾಣವೂ ಹೆಚ್ಚಾಯಿತು, ಅದರ ಕೊಬ್ಬೂ ಹೆಚ್ಚಿತ್ತು. ಪಂಪ್ ಕೊಳ್ಳಲು ಆಗದವರು ಬೇಸರಪಡಬೇಕಿಲ್ಲ. ಕೈಯಿಂದ ಹಿಂಡುವುದನ್ನು ನರ್ಸ್ ಬಳಿ ಸರಿಯಾಗಿ ಕಲಿತರೆ ಸಾಕು.

ಹಾಲು ಹನಿಹನಿಯಾಗಿ ಇಳಿಯತೊಡಗಿದಾಗ “ಮುಗಿಯಿತು” ಎಂದು ನಿಲ್ಲಿಸಬೇಡಿ. ಇನ್ನೂ ಒಂದೆರಡು ನಿಮಿಷ ಮುಂದುವರಿಸಿ. ಕೆನೆ ಇರುವುದು ಅಲ್ಲೇ.

ತಾಯಿಯ ಹಾಲು ಮಗುವಿನ ಅಗತ್ಯಕ್ಕಿಂತ ಹೆಚ್ಚಾಗಿ ಬರುತ್ತಿದ್ದು, ಮಗುವಿನ ತೂಕ ಮಾತ್ರ ಏರದಿದ್ದರೆ, ವೈದ್ಯರು ಕೆಲವೊಮ್ಮೆ ಕೊನೆಯ ಹಾಲನ್ನು ಬೇರೆ ತೆಗೆದು ಮೊದಲು ಕೊಡಲು ಹೇಳುತ್ತಾರೆ. ಇದು ಅವರ ತೀರ್ಮಾನ. ನೀವಾಗಿಯೇ ಮೊದಲ ಹಾಲನ್ನು ಚೆಲ್ಲಬೇಡಿ, ಅದರಲ್ಲೂ ಮಗುವಿಗೆ ಬೇಕಾದ ಅಂಶಗಳಿವೆ.

ದಾರಿಯಲ್ಲಿ ಪೋಲಾಗುವ ಕೊಬ್ಬು

ಹಿಂಡಿಟ್ಟ ಹಾಲಿನಲ್ಲಿ ಸ್ವಲ್ಪ ಹೊತ್ತಿಗೆ ಕೆನೆ ಮೇಲೆ ತೇಲುತ್ತದೆ. ಹಾಲು ಕೆಟ್ಟಿದೆ ಎಂದು ಭಯಪಡುವವರಿದ್ದಾರೆ. ಕೆಟ್ಟಿಲ್ಲ, ಅದು ಎದೆಹಾಲಿನ ಸ್ವಭಾವ. ಕೊಡುವ ಮೊದಲು ಪಾತ್ರೆಯನ್ನು ಮೆಲ್ಲಗೆ ಸುತ್ತಾಡಿಸಿ ಬೆರೆಸಿ.

ಕೊಬ್ಬು ಪಾತ್ರೆಯ ಗೋಡೆಗೂ ನಳಿಕೆಗೂ ಅಂಟುತ್ತದೆ. ಒಂದು ಬಟ್ಟಲಿನಿಂದ ಇನ್ನೊಂದಕ್ಕೆ, ಅಲ್ಲಿಂದ ಸಿರಿಂಜಿಗೆ ಎಂದು ಸುರಿದಷ್ಟೂ ನಷ್ಟ. ಹಿಂಡಿದ ಪಾತ್ರೆಯಲ್ಲೇ ಮುಚ್ಚಿ ಒಯ್ಯುವಂತಿದ್ದರೆ ಒಳ್ಳೆಯದು. ಪಂಪಿನ ಮೂಲಕ ಗಂಟೆಗಟ್ಟಲೆ ನಿಧಾನವಾಗಿ ಹಾಲು ಹರಿಸಿದರೆ ಕೆನೆ ಉದ್ದನೆಯ ನಳಿಕೆಯಲ್ಲೇ ಉಳಿದುಬಿಡುವ ಸಾಧ್ಯತೆ ಹೆಚ್ಚು. ಕೆಲವು ಮಕ್ಕಳಿಗೆ ಹಾಗೆ ಕೊಡಲೇಬೇಕಾಗುತ್ತದೆ. ಅದು ನರ್ಸ್‌ಗಳಿಗೂ ವೈದ್ಯರಿಗೂ ಗೊತ್ತಿರುವ ವಿಷಯ, ನೀವು ವಿನಯದಿಂದ ಕೇಳಿ ತಿಳಿದುಕೊಳ್ಳಬಹುದು. ಮಗು ನುಂಗಲು ಕಲಿತ ಮೇಲೆ ನಮ್ಮ ಹಳೆಯ ಒಳಲೆಯೇ ಒಳ್ಳೆಯದು. ತೊಳೆದು ಕುದಿಸಿ ಬಳಸಲೂ ಸುಲಭ. ಬಾಟಲಿ ಬೇಡ.

ಮನೆಯಿಂದ ಹಾಲು ಒಯ್ಯುವವರು ಆಸ್ಪತ್ರೆಯ ನಿಯಮವನ್ನೇ ಪಾಲಿಸಿ. ಸಾಮಾನ್ಯವಾಗಿ, ಹೊರಗಿಟ್ಟ ಹಾಲನ್ನು 4 ಗಂಟೆಯೊಳಗೆ, ಫ್ರಿಜ್ಜಿನಲ್ಲಿಟ್ಟದ್ದನ್ನು 24 ಗಂಟೆಯೊಳಗೆ ಬಳಸುವುದು ಇಂತಹ ಮಕ್ಕಳಿಗೆ ಸುರಕ್ಷಿತ. ನಮ್ಮ ಬೇಸಿಗೆಯ ಸೆಕೆಯಲ್ಲಿ ಹೊರಗಿಡುವ ಅವಧಿ ಇನ್ನೂ ಕಡಿಮೆಯಾಗಲಿ.

ಮಗುವನ್ನು ಎದೆಗೆ ಹಾಕಿಕೊಳ್ಳುವ ದಿನ ಬಂದಾಗಲೂ ಇದೇ ನಿಯಮ: ಒಂದು ಬದಿ ಪೂರ್ತಿ ಮುಗಿದ ಮೇಲೆ ಇನ್ನೊಂದು ಬದಿ.

ಬಾಣಂತಿಯ ತಟ್ಟೆ

“ಬಾಣಂತಿಗೆ ತುಪ್ಪ ಸುರಿದರೆ ಹಾಲು ದಪ್ಪವಾಗುತ್ತದೆ” ಎಂಬ ನಂಬಿಕೆ ಇದೆ. ತಾಯಿಯ ಆಹಾರ ಹಾಲಿನ ಕೊಬ್ಬಿನ ಪ್ರಮಾಣವನ್ನು ಅಷ್ಟಾಗಿ ಬದಲಿಸುವುದಿಲ್ಲ. ಆದರೆ ಕೊಬ್ಬಿನ ಗುಣವನ್ನು ಖಂಡಿತ ಬದಲಿಸುತ್ತದೆ. ಅವಳು ತಿಂದ ಎಣ್ಣೆ, ಮೀನು, ತುಪ್ಪ ಯಾವುದೋ, ಹಾಲಿನಲ್ಲಿ ಇಳಿಯುವ ಕೊಬ್ಬಿನಾಮ್ಲಗಳೂ ಆ ಬಗೆಯವೇ.

ಡಿಎಚ್‌ಎ ಇದಕ್ಕೆ ಒಳ್ಳೆಯ ಉದಾಹರಣೆ. ಮೀನು ತಿನ್ನುವ ತಾಯಂದಿರ ಹಾಲಿನಲ್ಲಿ ಅದು ಹೆಚ್ಚು. ಕರಾವಳಿಯವರಿಗೆ ಬೂತಾಯಿ, ಬಂಗುಡೆ ಸುಲಭವಾಗಿ ಸಿಗುತ್ತವೆ. ಹೀಗಿದ್ದರೂ ಬಾಣಂತಿಗೆ ಮೀನು ನಂಜು ಎಂದು ನಲವತ್ತು ದಿನ ದೂರವಿಡುವ ಮನೆಗಳಿವೆ. ಅಲರ್ಜಿ ಇಲ್ಲದಿದ್ದರೆ ವಾರಕ್ಕೆ ಎರಡು ಮೂರು ಸಲ ಸಾರು ಮಾಡಿ ಕೊಡಿ. ಒಳನಾಡಿನವರು, ಮೀನು ತಿನ್ನದವರು ಅಗಸೆ, ಅಕ್ರೋಟು ಕೊಡಬಹುದು. ಅವುಗಳಲ್ಲಿರುವ ಒಮೆಗಾ-3 ಬೇರೆ ಬಗೆಯದು, ದೇಹದಲ್ಲಿ ಡಿಎಚ್‌ಎ ಆಗಿ ಬದಲಾಗುವುದು ಸ್ವಲ್ಪವೇ. ಆದ್ದರಿಂದ ಡಿಎಚ್‌ಎ ಮಾತ್ರೆ ಬೇಕೇ ಎಂದು ವೈದ್ಯರನ್ನು ಕೇಳಿ.

ವನಸ್ಪತಿಯಲ್ಲಿ ಮಾಡಿದ ಬೇಕರಿ ತಿಂಡಿ, ಮತ್ತೆ ಮತ್ತೆ ಕಾಯಿಸಿದ ಎಣ್ಣೆಯ ಕರಿದ ತಿಂಡಿ ಕಡಿಮೆ ಮಾಡಿ. ಅವುಗಳಲ್ಲಿನ ಟ್ರಾನ್ಸ್ ಕೊಬ್ಬು ನೇರ ಹಾಲಿಗೆ ಇಳಿಯುತ್ತದೆ. ಮೆಂತ್ಯ, ಗೋಂದಿನ ಲಾಡು ಮಿತವಾಗಿರಲಿ. ಯಾವುದೇ ಲಾಡು, ಯಾವುದೇ ಮಾಜೂನ್ ಎದೆ ಖಾಲಿ ಮಾಡುವ ಕೆಲಸಕ್ಕೆ ಬದಲಿಯಲ್ಲ. ರಮಝಾನಿನಲ್ಲಿ ಹಾಲುಣಿಸುವ ತಾಯಿಗೆ ಉಪವಾಸವನ್ನು ಮುಂದೂಡುವ ರಿಯಾಯಿತಿ ಧರ್ಮದಲ್ಲೇ ಇದೆ. ಇಂತಹ ಮಗುವಿನ ತಾಯಿ ಅದನ್ನು ಬಳಸಿಕೊಳ್ಳಲು ಹಿಂಜರಿಯಬಾರದು, ಮನೆಯವರು ಹಿಂಜರಿಯುವಂತೆ ಮಾಡಲೂಬಾರದು.

ಜೇನು, ಘುಟ್ಟಿ, ಪುಡಿ

ನಾನು ಯೂನಾನಿ ವೈದ್ಯೆಯಾಗಿಯೇ ಹೇಳುತ್ತಿದ್ದೇನೆ: ತಿಂಗಳು ತುಂಬದ ಮಗುವಿಗೆ ಜನಮ ಘುಟ್ಟಿ, ಅರ್ಕ್, ಮಾಜೂನ್ ಯಾವುದೂ ಬೇಡ. ಜೇನು ಒಂದು ವರ್ಷ ತುಂಬುವವರೆಗೂ ಯಾವ ಮಗುವಿಗೂ ಬೇಡ. ಅದರಿಂದ ಬಾಟ್ಯುಲಿಸಂ ಎಂಬ ನರ ಕಟ್ಟುವ ಕಾಯಿಲೆ ಬರಬಹುದು. ತಹ್ನೀಕ್ ಮಾಡುವ ಆಸೆಯುಳ್ಳವರು ಮಗು ಆರೋಗ್ಯವಾಗಿ ಹೊರಬರುವವರೆಗೆ ಕಾಯಲಿ. ಆಮೇಲೂ ವೈದ್ಯರ ಅನುಮತಿ ಕೇಳಲಿ, ಮತ್ತು ಜೇನಿನಿಂದ ಮಾಡದಿರಲಿ. ತೂಕ ಏರಲಿ ಎಂದು ಹಾಲಿಗೆ ತುಪ್ಪವನ್ನೋ ಕೊಬ್ಬರಿ ಎಣ್ಣೆಯನ್ನೋ ನೀವಾಗಿ ಬೆರೆಸಬೇಡಿ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ತೀವ್ರ ನ್ಯುಮೋನಿಯಾ ಆಗುತ್ತದೆ.

ಇದಕ್ಕೆ ವಿರುದ್ಧವಾಗಿ, ಒಂದೂವರೆ ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ವೈದ್ಯರು ಎದೆಹಾಲಿಗೆ ಬೆರೆಸಲು ಫೋರ್ಟಿಫೈಯರ್ ಎಂಬ ಪುಡಿ ಕೊಡಬಹುದು. “ಹಾಲು ಸಾಲದೆಂದು ಡಬ್ಬಿ ಕೊಟ್ಟರು” ಎಂದು ತಪ್ಪು ತಿಳಿಯಬೇಡಿ. ಅಷ್ಟು ಪುಟ್ಟ ಮಗುವಿನ ಮೂಳೆ, ಮಾಂಸ ಬೆಳೆಯಲು ಹೆಚ್ಚಿನ ಪ್ರೋಟೀನ್, ಕ್ಯಾಲ್ಸಿಯಂ, ರಂಜಕ ಬೇಕಾಗುತ್ತದೆ. ಆ ಪುಡಿ ಎದೆಹಾಲಿಗೆ ಬದಲಿಯಲ್ಲ, ಅದಕ್ಕೆ ಸೇರಿಸುವಂಥದ್ದು.

ಹಾಲಿನ ಬ್ಯಾಂಕ್ ಎಂಬ ಪ್ರಶ್ನೆ

ತಾಯಿಯ ಹಾಲು ಸಾಕಾಗದಿದ್ದಾಗ ಆಸ್ಪತ್ರೆಯವರು ದಾನಿಗಳ ಹಾಲನ್ನು ಸೂಚಿಸುತ್ತಾರೆ. ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕ್ 1989ರಲ್ಲಿ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಶುರುವಾಯಿತು. ಈಗ ಬೆಂಗಳೂರಿನ ವಾಣಿ ವಿಲಾಸ, ಮಂಗಳೂರಿನ ಲೇಡಿಗೋಷನ್ ಸರಕಾರಿ ಆಸ್ಪತ್ರೆಗಳಲ್ಲೂ ಇದೆ. ಪುಟ್ಟ ಮಗುವಿಗೆ ಅದು ಡಬ್ಬಿ ಹಾಲಿಗಿಂತ ಸುರಕ್ಷಿತ. ಆದರೆ ಸೋಂಕು ಬಾರದಂತೆ ಅದನ್ನು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸುತ್ತಾರೆ. ಆಗ ಮೇಲೆ ಹೇಳಿದ ಲೈಪೇಸ್ ನಾಶವಾಗಿ ಕೊಬ್ಬು ಹೀರಿಕೊಳ್ಳುವುದು ಕಡಿಮೆಯಾಗುತ್ತದೆ.

ನಮ್ಮ ಮನೆಗಳಲ್ಲಿ ಇದಕ್ಕೆ ಇನ್ನೊಂದು ಮುಖವೂ ಇದೆ: ಹಾಲು ಸಂಬಂಧ, ಅಂದರೆ ರಝಾಅತ್. ಹಲವರ ಹಾಲು ಬೆರೆತ ಬ್ಯಾಂಕಿನ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. 1985ರಲ್ಲಿ ಜಿದ್ದಾದ ಅಂತಾರಾಷ್ಟ್ರೀಯ ಇಸ್ಲಾಮಿ ಫಿಕ್‌ಹ್ ಅಕಾಡೆಮಿ ಅದನ್ನು ಒಪ್ಪಲಿಲ್ಲ. ಯೂಸುಫ್ ಅಲ್ ಕರ್‌ಝಾವಿಯವರಂತಹ ವಿದ್ವಾಂಸರು ಒಪ್ಪಿದ್ದರು. ಎಷ್ಟು ಹಾಲಿನಿಂದ ಸಂಬಂಧ ಏರ್ಪಡುತ್ತದೆ ಎಂಬುದರಲ್ಲೂ ಹನಫಿ ಮತ್ತು ಶಾಫಿ ಮದ್‌ಹಬ್‌ಗಳ ನಿಲುವು ಬೇರೆ ಬೇರೆ. ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಒಬ್ಬ ವೈದ್ಯೆಯಾಗಿ ನಾನು ಕೇಳಿಕೊಳ್ಳುವುದು ಇಷ್ಟು: ಅವಧಿಗೆ ಮೊದಲೇ ಹೆರಿಗೆಯ ಸೂಚನೆ ಇದ್ದವರು ನಿಮ್ಮ ಉಲಮಾಗಳನ್ನು ಮೊದಲೇ ಕೇಳಿಟ್ಟುಕೊಳ್ಳಿ. ಒಬ್ಬರೇ ದಾನಿಯ ಹಾಲು ಸಿಗುವುದೇ, ಅವರ ವಿವರ ಬರೆದಿಟ್ಟುಕೊಳ್ಳಲಾಗುವುದೇ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿ. ಮಗು ನಳಿಕೆಯಲ್ಲಿ ಮಲಗಿರುವ ರಾತ್ರಿ ಈ ಚರ್ಚೆ ಶುರುವಾಗಬಾರದು.

ಮನೆಯವರಿಗೊಂದು ಮಾತು

ಇಷ್ಟೆಲ್ಲ ಓದಿದ ಮೇಲೆ ಮತ್ತೊಮ್ಮೆ ಆ ತಾಯಿಯನ್ನು ನೋಡಿ. ಹೊಲಿಗೆಯ ನೋವು, ಮಗುವಿನ ಚಿಂತೆ, ರಾತ್ರಿ ಎದ್ದು ಹಿಂಡುವ ದಣಿವು. ಹಾಲು ಇಳಿಯಲು ಅವಳ ಮನಸ್ಸು ಹಗುರವಾಗಿರಬೇಕು. ಆಸ್ಪತ್ರೆಯವರು ಒಪ್ಪಿದ ದಿನದಿಂದ ಮಗುವನ್ನು ಅವಳ ಎದೆಗೆ ಚರ್ಮಕ್ಕೆ ಚರ್ಮ ತಾಗಿಸಿ ಇಟ್ಟುಕೊಳ್ಳಲು ಬಿಡಿ, ಹಾಲು ಬರಲು ಅದೂ ನೆರವಾಗುತ್ತದೆ. ಅವಳಿಗೆ ವಿಶ್ರಾಂತಿ ಬೇಕಾದಾಗ ತಂದೆಯೂ ಹಾಗೆ ಇಟ್ಟುಕೊಳ್ಳಬಹುದು.

ಬಟ್ಟಲು ತೊಳೆದು ಕುದಿಸುವುದು ಒಬ್ಬರು, ಹಾಲನ್ನು ವಾರ್ಡಿಗೆ ಒಯ್ಯುವುದು ಒಬ್ಬರು, ಮನೆಯ ಇತರ ಮಕ್ಕಳನ್ನು ನೋಡಿಕೊಳ್ಳುವುದು ಇನ್ನೊಬ್ಬರು ಎಂದು ಕೆಲಸ ಹಂಚಿಕೊಳ್ಳಿ. ಬಟ್ಟಲಲ್ಲಿ ಹತ್ತೇ ಮಿಲಿಲೀಟರ್ ಬಂದಿದ್ದರೆ “ಇಷ್ಟೇನಾ?” ಎನ್ನಬೇಡಿ. “ನೀರು ನೀರು” ಎನ್ನುವ ಮಾತಂತೂ ಮನೆಯಲ್ಲಿ ಕೇಳದಿರಲಿ. ಸ್ವಲ್ಪ ಹೊತ್ತು ಬಿಟ್ಟು ಆ ಬಟ್ಟಲನ್ನು ನೋಡಿ, ಮೇಲೆ ತೆಳುವಾದ ಕೆನೆ ಕಟ್ಟಿರುತ್ತದೆ. ಅದನ್ನು ತಾಯಿಗೂ ತೋರಿಸಿ.